ಬೇಟೆ ನಾಯಿಗೆ ಎತ್ತರದ ಗೂಡು: ನಾಲೆ ನೀರಿನ ಎರೆ ಜಮೀನಿನಲ್ಲಿ ಕಟ್ಟೋದು ಹೇಗೆ?



ಹರಿಹರ ತಾಲೂಕಿನ ಹುಡುಗನೊಬ್ಬ ವಾಟ್ಸಾಪಿನಲ್ಲಿ ಎರಡು ಫೋಟೋ ಕಳಿಸಿದ್ದ. ಒಂದರಲ್ಲಿ ಒಂದೂವರೆ ವರ್ಷದ ಮುಧೋಳ ನಾಯಿ, ಪಂಪ್‌ಸೆಟ್ ಮನೆ ಪಕ್ಕ ಚೈನಿನಲ್ಲಿ ಕಟ್ಟಿದ್ದು. ಇನ್ನೊಂದರಲ್ಲಿ ಅದರ ಮೊಣಕೈ: ಕೂದಲು ಉದುರಿ, ಚರ್ಮ ಗಟ್ಟಿಯಾಗಿ, ನಡುವೆ ಹುಣ್ಣು. "ಸರ, ಇದಕ್ಕೆ ಯಾವ ಮುಲಾಮು ಹಚ್ಚಲಿ?" ಅಂತ ಪ್ರಶ್ನೆ. ಮುಲಾಮು ಆಮೇಲೆ ನೋಡೋಣ, ಮೊದಲು ಅದು ಮಲಗೋದು ಎಲ್ಲಿ ಹೇಳು ಅಂದೆ. "ಸಿಮೆಂಟ್ ಕಟ್ಟೆ ಮೇಲೆ ಸರ. ನಾಲೆಗೆ ನೀರು ಬಿಟ್ರೆ ಕಟ್ಟೆ ಒಣಗೋದೇ ಇಲ್ಲ ನೋಡ್ರಿ."

ಉತ್ತರ ಆ ಮಾತಿನಲ್ಲೇ ಇತ್ತು. ಹುಣ್ಣಿಗೆ ಡಾಕ್ಟರ್ ಔಷಧಿ ಕೊಟ್ಟರು. ನಾವು ಹರಿಹರದಲ್ಲಿ ಒಂದು ವೆಲ್ಡಿಂಗ್ ಶಾಪ್ ಹಿಡಿದು ನೆಲದಿಂದ ಎರಡು ಅಡಿ ಎತ್ತರದ ಗೂಡು ಮಾಡಿಸಿದೆವು. ಅದರ ಅಳತೆ, ಸಾಮಾನು, ಯಾವುದನ್ನು ಯಾಕೆ ಹಾಗೆ ಮಾಡಿದೆವು ಅನ್ನೋದನ್ನೆಲ್ಲ ಈ ವಾರ ಬರೆಯುತ್ತೇನೆ.

ಈ ನಾಯಿಗೆ ನೆಲ ಯಾಕೆ ಆಗಲ್ಲ

ಮುಧೋಳ ನಾಯಿ ಈಗ ಎಲ್ಲರಿಗೂ ಗೊತ್ತು. 2005ರಲ್ಲಿ ಅಂಚೆ ಚೀಟಿ ಮೇಲೆ ಬಂತು. 2020ರ ಆಗಸ್ಟ್‌ನಲ್ಲಿ ಪ್ರಧಾನಿ 'ಮನ್ ಕೀ ಬಾತ್'ನಲ್ಲಿ ಹೆಸರು ಹೇಳಿದರು. ಅಲ್ಲಿಂದ ಮುಂದೆ ನಮ್ಮ ದಾವಣಗೆರೆ ಕಡೆ ತೋಟಗಳಲ್ಲೂ ಇದು ಹೆಚ್ಚು ಕಾಣ್ತಿದೆ. ಮರಿ ತರುವಾಗ ಇರುವ ಹುರುಪು ಅದನ್ನು ಮಲಗಿಸುವ ಜಾಗದ ಬಗ್ಗೆ ಇರೋದಿಲ್ಲ, ಅದೇ ಬೇಜಾರು.

ಗಂಡು ನಾಯಿ ಭುಜದ ಹತ್ತಿರ ಹೆಚ್ಚುಕಡಿಮೆ 28 ಅಂಗುಲ ಎತ್ತರ ಇರುತ್ತದೆ, ತೂಕ ಮಾತ್ರ 25 ಕೆ.ಜಿ. ಆಸುಪಾಸು. ಅಂದರೆ ಎಲುಬು, ಮಾಂಸಖಂಡ, ತೆಳು ಚರ್ಮ, ಅಷ್ಟೇ. ಕೊಬ್ಬಿನ ಮೆತ್ತೆ ಇಲ್ಲ, ದಟ್ಟ ಕೂದಲೂ ಇಲ್ಲ. ಬೀದಿ ನಾಯಿ ಎಲ್ಲಿ ಬೇಕಾದರೂ ಸುತ್ತಿಕೊಂಡು ಮಲಗುತ್ತದೆ, ಜಾಗ ಒದ್ದೆ ಅನ್ನಿಸಿದರೆ ಎದ್ದು ಬೇರೆ ಕಡೆ ಹೋಗುತ್ತದೆ. ಚೈನಿನಲ್ಲಿ ಇರುವ ನಾಯಿಗೆ ಆ ಆಯ್ಕೆ ಇಲ್ಲ. ಗಟ್ಟಿ ನೆಲ ಮೊಣಕೈ, ಸೊಂಟದ ಎಲುಬಿಗೆ ಒತ್ತಿ ಹುಣ್ಣಾಗುತ್ತದೆ. ಒದ್ದೆ ನೆಲ ಅದನ್ನು ಮಾಯೋಕೆ ಬಿಡಲ್ಲ.

ಭತ್ತದ ಸೀಮೆಯಲ್ಲಿ ಇನ್ನೊಂದು ಅಪಾಯವಿದೆ. ಗದ್ದೆ ಇದ್ದಲ್ಲಿ ಇಲಿ ಇರುತ್ತದೆ. ಇಲಿ ಮೂತ್ರ ಬೆರೆತ ನೀರು, ಕೆಸರಿನಿಂದ ಲೆಪ್ಟೊಸ್ಪೈರೋಸಿಸ್ ಅಂದರೆ ಇಲಿ ಜ್ವರ ನಾಯಿಗೆ ಬರುತ್ತದೆ, ನಾಯಿಯಿಂದ ಮನೆಯವರಿಗೂ ಬರಬಹುದು. ಲಸಿಕೆ ಇದೆ, ಹಾಕಿಸಿ. ಆದರೆ ರಾತ್ರಿಯಿಡೀ ಕೆಸರಿನಲ್ಲಿ ಮಲಗಿಸಿ ಬರೀ ಲಸಿಕೆ ನಂಬಬೇಡಿ.

ಬೇಟೆಯ ಮಾತು

ಬೇಟೆ ನಾಯಿ ಅಂತ ಕರೆಯೋದು ತಳಿಯ ಗುಣ ನೋಡಿ. ಬೇಟೆಗೆ ಹೋಗೋದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ. ಕೊಂದರೆ ಮಾತ್ರ ಅಲ್ಲ, ಬೆನ್ನಟ್ಟೋದು, ಹಿಡಿಯೋಕೆ ಪ್ರಯತ್ನ ಪಡೋದು ಕೂಡ ಬೇಟೆ ಅಂತಲೇ ಲೆಕ್ಕ. ಮೊಲ, ನವಿಲು, ಹಂದಿ ಯಾವುದೂ ಇದರಿಂದ ಹೊರಗಿಲ್ಲ. "ನಾನು ಬಿಟ್ಟಿರಲಿಲ್ಲ, ಅದೇ ಬಿಚ್ಕೊಂಡು ಹೋಯ್ತು" ಅಂದರೆ ಅರಣ್ಯ ಇಲಾಖೆಯವರು ಸುಮ್ಮನೆ ಕೇಳಿಸಿಕೊಂಡು ಹೋಗಲ್ಲ. ಹರಿಹರದಿಂದ ಹೊಳೆ ದಾಟಿದರೆ ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ, ಈ ಕಡೆ ಜಗಳೂರಿಗೆ ಹೋದರೆ ಕೊಂಡುಕುರಿ ಇರುವ ರಂಗಯ್ಯನದುರ್ಗ. ಕಣ್ಣಿಗೆ ಬಿದ್ದಿದ್ದನ್ನು ಅಟ್ಟೋದು ಈ ನಾಯಿಯ ರಕ್ತದಲ್ಲಿದೆ. ರಾತ್ರಿ ಬಿಟ್ಟರೆ ತಪ್ಪು ನಾಯಿಯದಲ್ಲ.

ಹಾಗಂತ ದಿನವಿಡೀ ಕಟ್ಟಿಹಾಕೋದೂ ಸರಿಯಲ್ಲ. ಯಾವಾಗಲೂ ಚೈನಿನಲ್ಲೋ ಇಕ್ಕಟ್ಟಾದ ಕೋಣೆಯಲ್ಲೋ ಇಟ್ಟ ನಾಯಿಯನ್ನು ಓಡಾಡಿಸದೇ ಇದ್ದರೆ ಅದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧ. ಅದಕ್ಕೇ ಮಲಗೋಕೆ ಗೂಡು, ಅದರ ಸುತ್ತ ಬೇಲಿ, ಬೆಳಿಗ್ಗೆ ಸಂಜೆ ನಿಮ್ಮ ಕೈಯಲ್ಲಿ ಹಗ್ಗ ಹಿಡಿದು ಓಡಾಟ, ಮೂರೂ ಬೇಕು.

ಜಾಗ, ಕಾಲು

ಬೇವಿನ ಮರವೋ ಹೊಂಗೆ ಮರವೋ ಇದ್ದರೆ ಅದರ ನೆರಳಿಗೆ ಇಡಿ. ಹುಲ್ಲಿನ ಬಣವೆಯಿಂದ, ಮೆಕ್ಕೆಜೋಳದ ರಾಶಿಯಿಂದ ದೂರ ಇರಲಿ. ಇಲಿ ಅಲ್ಲಿ, ಇಲಿ ಹಿಂದೆ ಹಾವೂ ಅಲ್ಲಿ. ಬದುವಿನ ಮೇಲೆ ಬೇಡ, ಅಂಗಳದ ದಿಬ್ಬ ಇದ್ದರೆ ಒಳ್ಳೇದು.

ಎರೆ ಭೂಮಿಯಲ್ಲಿ ಕಾಲುಗಳನ್ನು ನೆಲಕ್ಕೆ ಹೂಳಬೇಡಿ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರುಕು ಬಿಡುತ್ತದೆ. ಹೂತ ಕಾಲುಗಳು ಒಂದೊಂದು ಒಂದೊಂದು ರೀತಿ ಎದ್ದು ಗೂಡು ವಾಲುತ್ತದೆ, ಬಾಗಿಲು ಹಿಡಿದುಕೊಳ್ಳುತ್ತದೆ. ಅದರ ಬದಲು ಆರು ಇಂಚು ಮೇಲ್ಮಣ್ಣು ತೆಗೆದು ಗರಸು ತುಂಬಿ ದಮ್ಮಸ್ಸು ಮಾಡಿ, ಮೇಲೆ ಆರು ಚಪ್ಪಡಿ ಕಲ್ಲು ಇಟ್ಟು, ಗೂಡಿನ ಆರು ಕಾಲನ್ನು ಅದರ ಮೇಲೆ ಸುಮ್ಮನೆ ನಿಲ್ಲಿಸಿ. ಕಾಲಿನ ಕೆಳಗೆ ನಾಲ್ಕು ಇಂಚಿನ ಚೌಕ ಪ್ಲೇಟ್ ವೆಲ್ಡ್ ಮಾಡಿಸಿ. ಮಳೆಗಾಲ ಶುರುವಾದಾಗ ಒಮ್ಮೆ ಮಟ್ಟ ನೋಡಿ, ವಾಲಿದ ಕಡೆ ಹೆಂಚಿನ ಚೂರು ಕೊಟ್ಟರೆ ಮುಗೀತು. ಗಾಳಿಗೆ ಹಾರದ ಹಾಗೆ ಎರಡು ಮೂಲೆಯಿಂದ ಗೂಟಕ್ಕೆ ತಂತಿ ಬಿಗಿಯಿರಿ. ಮುಂದೆ ಜಾಗ ಬದಲಿಸಬೇಕಾದರೆ ನಾಲ್ಕು ಜನ ಎತ್ತಿ ಇಡಬಹುದು.

ಎತ್ತರ ನಾಲೆ ಬಯಲಿನಲ್ಲಿ ಎರಡು ಅಡಿ, ಜಗಳೂರು ಕಡೆಯಂಥ ಒಣ ಕೆಂಪು ಭೂಮಿಯಲ್ಲಿ ಒಂದೂವರೆ ಅಡಿ ಸಾಕು. ಕೆಳಗೆ ಪೊರಕೆ ಆಡಬೇಕು, ಬಗ್ಗಿ ನೋಡಿದರೆ ಆ ಕಡೆಯ ಬೆಳಕು ಕಾಣಬೇಕು. ಕೆಳಗಿನ ಜಾಗಕ್ಕೆ ಡ್ರಿಪ್ ಪೈಪು, ಖಾಲಿ ಚೀಲ, ಸೌದೆ ತುರುಕಿದರೆ ಗೂಡು ಎತ್ತರಿಸಿದ್ದೇ ವ್ಯರ್ಥ. ನಾಗರಹಾವಿಗೆ ನೀವೇ ಮನೆ ಕಟ್ಟಿಕೊಟ್ಟ ಹಾಗೆ.

ಅಳತೆ

ಪ್ಲೈವುಡ್ ಶೀಟಿನ ಅಳತೆ 8 ಅಡಿ × 4 ಅಡಿ. ಅದನ್ನೇ ಗೂಡಿನ ಅಳತೆ ಮಾಡಿಕೊಂಡರೆ ನೆಲಕ್ಕೆ ಒಂದೇ ಶೀಟು ಸಾಕು, ಕತ್ತರಿಸೋದೂ ಇಲ್ಲ, ಜೋಡಿಸೋದೂ ಇಲ್ಲ. ಉದ್ದ ಪೂರ್ವ–ಪಶ್ಚಿಮವಾಗಿ ಬರಲಿ. ಪಶ್ಚಿಮದ ಅರ್ಧ 4 × 4 ಅಡಿ ಕೋಣೆ, ಪೂರ್ವದ ಅರ್ಧ ತೆರೆದ ಜಗುಲಿ. ಮುಂಗಾರಿನ ಗಾಳಿ ಮಳೆ ನಮಗೆ ಪಶ್ಚಿಮ, ನೈಋತ್ಯದಿಂದ ಬೀಸೋದರಿಂದ ಕೋಣೆಯ ಬೆನ್ನು ಆ ಕಡೆ ಇರಬೇಕು.

ಇಂಟರ್‌ನೆಟ್ಟಿನಲ್ಲಿ ಸಿಗುವ ಹೊರದೇಶದ ನಕ್ಷೆಗಳಲ್ಲಿ ಕೋಣೆ ತುಂಬ ಚಿಕ್ಕದಿರುತ್ತದೆ, ನಾಯಿ ತಿರುಗಿ ಮಲಗುವಷ್ಟು ಮಾತ್ರ. ಅಲ್ಲಿ ಹಿಮ ಬೀಳುತ್ತದೆ, ಮೈ ಶಾಖ ಒಳಗೇ ಉಳಿಯಲಿ ಅಂತ ಹಾಗೆ ಮಾಡ್ತಾರೆ. ನಮ್ಮಲ್ಲಿ ಏಪ್ರಿಲ್ ಬಿಸಿಲಿಗೆ ಅಂಥ ಡಬ್ಬದೊಳಗೆ ನಾಯಿ ಬೆಂದುಹೋಗುತ್ತದೆ. ಗಾಳಿ ಆಡುವ ದೊಡ್ಡ ಕೋಣೆಯೇ ನಮಗೆ ಸರಿ. ಚಳಿಗಾಲದ ಎರಡು ತಿಂಗಳು ಹಾಸಿಗೆ ದಪ್ಪ ಮಾಡಿದರೆ ಸಾಕು.

ಚಾವಣಿ ನೆಲದ ಹಲಗೆಯಿಂದ ಪೂರ್ವದ ತುದಿಯಲ್ಲಿ 4 ಅಡಿ, ನಡುವೆ ಮೂರೂವರೆ, ಪಶ್ಚಿಮದ ತುದಿಯಲ್ಲಿ 3 ಅಡಿ. ನೀರು ಹಿಂದಕ್ಕೆ ಇಳಿಯುತ್ತದೆ. ಹತ್ತು ಅಡಿಯ ಎರಡು ತಗಡು ಅಂಚಿಗೆ ಅಂಚು ಹತ್ತಿಸಿ ಹಾಕಿದರೆ ಎರಡೂ ತುದಿಯಲ್ಲಿ ಒಂದೊಂದು ಅಡಿ ಚಾಚು ಸಿಗುತ್ತದೆ. ಬೇಸಿಗೆಯಲ್ಲಿ ತಗಡಿನ ಮೇಲೆ ತೆಂಗಿನ ಗರಿಯೋ ಅಡಿಕೆ ಸೋಗೆಯೋ ಹೊದಿಸಿ.

ಗೋಡೆಗೆ ಇನ್ನೂ ಎರಡು ಶೀಟು, ತೆಳುವಾದದ್ದು, 12 ಎಂಎಂ ಆದರೂ ನಡೆಯುತ್ತದೆ. ಅರ್ಧ ಮಾಡಿದರೆ ನಾಲ್ಕು ಗೋಡೆ. ಪಶ್ಚಿಮದ ಗೋಡೆ ಚಾವಣಿವರೆಗೂ ಪೂರ್ತಿ ಮುಚ್ಚಿ. ಉಳಿದ ಮೂರು ಕಡೆ ಚಾವಣಿ ಕೆಳಗೆ ನಾಲ್ಕು ಇಂಚು ಬಿಟ್ಟು ಜಾಲರಿ ಹೊಡೆಯಿರಿ. ಉತ್ತರದ ಗೋಡೆಯನ್ನು ಕೀಲು ಹಾಕಿ ಪೂರ್ತಿ ತೆರೆಯುವ ಹಾಗೆ ಮಾಡಿಸಿ. ಇದನ್ನು ಖರ್ಚು ಅಂತ ಬಿಡಬೇಡಿ. ಕೈ ಒಳಗೆ ಹೋಗದ ಗೂಡನ್ನು ಯಾರೂ ತೊಳೆಯಲ್ಲ. ಜಗುಲಿ ಕಡೆಯ ಬಾಗಿಲು ಗೋಡೆಯ ನಡುವೆ ಬೇಡ, ಒಂದು ಮೂಲೆಗೆ ಇರಲಿ. 15 ಇಂಚು ಅಗಲ, 26 ಇಂಚು ಎತ್ತರ, ಕೆಳಗೆ ನಾಲ್ಕು ಇಂಚು ಹೊಸ್ತಿಲು. ಹಾಸಿಗೆ ಹೊರಗೆ ಬರಲ್ಲ, ಹಿಂಗಾರಿನ ಎರಚಲು ಮಲಗಿದ ನಾಯಿಗೆ ತಾಗಲ್ಲ.

ಚೌಕಟ್ಟಿಗೆ ಒಂದೂವರೆ ಇಂಚಿನ ಚೌಕ ಕಬ್ಬಿಣದ ಪೈಪು, 20 ಅಡಿಯದು ಆರು ಬೇಕಾಗುತ್ತದೆ. ಐದಕ್ಕೆ ಲೆಕ್ಕ ಕೂಡುತ್ತದೆ, ಆದರೆ ಕಟಿಂಗಿನಲ್ಲಿ ಸಾಲದೆ ಬರುತ್ತದೆ. ಹಲಗೆಯ ಕೆಳಗೆ ಎರಡೆರಡು ಅಡಿಗೆ ಒಂದು ಅಡ್ಡ ಪೈಪು ಇರಲಿ. ರೆಡ್ ಆಕ್ಸೈಡ್ ಹೊಡೆದು ಮೇಲೆ ಬಣ್ಣ. ನೆಲದ ಶೀಟು 18 ಎಂಎಂ ಇರಲಿ, ಐಎಸ್ 710 ಗುರುತು ನೋಡಿ ತಗೊಳ್ಳಿ, ಅದು ನೀರಿಗೆ ತಡೆಯುವ ಪ್ಲೈ. ಅಂಚುಗಳಿಗೆ, ಬಾಗಿಲ ಸುತ್ತ ತಗಡಿನ ಪಟ್ಟಿ ಮಡಚಿ ಹೊಡೆಯಿರಿ. ಇಲ್ಲದಿದ್ದರೆ ಎಳೆ ನಾಯಿ ಒಂದೇ ತಿಂಗಳಲ್ಲಿ ಅಗಿದು ಹಾಕುತ್ತದೆ, ಪ್ಲೈನ ಅಂಟು ಹೊಟ್ಟೆಗೂ ಹೋಗುತ್ತದೆ.

"ಅಡಿಕೆ ದಬ್ಬೆ ಬಿಟ್ಟಿ ಸಿಗ್ತೈತಲ್ಲ ಸರ, ಅದನ್ನೇ ನೆಲಕ್ಕೆ ಹಾಕಿದ್ರೆ?" ಅಂತ ಆ ಹುಡುಗ ಕೇಳಿದ. ನೆರಳಿನ ಚಪ್ಪರಕ್ಕೆ ಹಾಕು, ನೆಲಕ್ಕೆ ಬೇಡ ಅಂದೆ. ದಬ್ಬೆಯ ಸಿಬಿರು ಪಾದಕ್ಕೆ ಚುಚ್ಚುತ್ತದೆ, ಸಂದಿನಲ್ಲಿ ಬೆರಳು ಸಿಕ್ಕಿಕೊಂಡು ಈ ತೆಳ್ಳನೆ ಕಾಲು ಮುರಿಯೋದು ಸುಲಭ. ತಂತಿ ಜಾಲರಿ ನೆಲವೂ ಅದಕ್ಕೇ ಬೇಡ. ದಬ್ಬೆ ಬೇಡ ಅನ್ನೋಕೆ ಇನ್ನೂ ದೊಡ್ಡ ಕಾರಣ ಒಂದಿದೆ.

ಉಣ್ಣೆ ಎಲ್ಲಿ ಅಡಗುತ್ತೆ?

ಎತ್ತರದ ಗೂಡು ಕಟ್ಟಿದರೆ ಉಣ್ಣೆ ಬರಲ್ಲ ಅಂತ ಬಹಳ ಜನ ಹೇಳ್ತಾರೆ. ಅದು ನಿಜ ಅಲ್ಲ. ಕಂದು ನಾಯಿ ಉಣ್ಣೆ ನಾಯಿಯ ಮೈಮೇಲೇ ಸವಾರಿ ಮಾಡಿಕೊಂಡು ಗೂಡಿಗೆ ಬರುತ್ತದೆ, ಗೋಡೆ, ಕಂಬ ಆರಾಮಾಗಿ ಹತ್ತುತ್ತದೆ. ಇದು ಜೀವನದಲ್ಲಿ ಮೂರು ಸಲ ನಾಯಿಗೆ ಕಚ್ಚಿ ರಕ್ತ ಕುಡಿಯುತ್ತದೆ, ಪ್ರತಿ ಸಲ ಕುಡಿದ ಮೇಲೆ ಕೆಳಗೆ ಉದುರಿ ಸಂದಿ ಹುಡುಕಿಕೊಂಡು ಹೋಗುತ್ತದೆ. ಪೊರೆ ಬಿಡೋದು, ಮೊಟ್ಟೆ ಇಡೋದು ಎಲ್ಲ ಅಲ್ಲೇ. ಒಂದು ಹೆಣ್ಣು ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ, ದೊಡ್ಡ ಉಣ್ಣೆ ಏನೂ ಕುಡಿಯದೆ ತಿಂಗಳುಗಟ್ಟಲೆ ಕಾಯುತ್ತದೆ. ನಾಯಿಯ ಮೇಲೆ ಕಾಣುವ ಉಣ್ಣೆ ಸ್ವಲ್ಪ, ಉಳಿದದ್ದು ಗೂಡಿನ ಬಿರುಕಿನಲ್ಲಿ.

ಹಾಗಾಗಿ ಎತ್ತರಕ್ಕಿಂತ ಸಂದಿ ಮುಖ್ಯ. ಒಂದೇ ಶೀಟಿನ ನೆಲ ಅಂದಿದ್ದು ಇದಕ್ಕೇ. ಗೋಡೆ ನೆಲ ಕೂಡುವ ಗೆರೆ, ಸ್ಕ್ರೂ ತೂತು, ವೆಲ್ಡಿಂಗ್ ಬಿಟ್ಟ ಜಾಗ ಎಲ್ಲ ಸಿಲಿಕೋನ್ ಪೇಸ್ಟೋ ಎಂ-ಸೀಲೋ ಹಾಕಿ ಮುಚ್ಚಿ. ಪೈಪಿನ ತೆರೆದ ತುದಿ ಮರೀಬೇಡಿ, ಅದರೊಳಗೆ ಉಣ್ಣೆಯ ಊರೇ ಇರುತ್ತದೆ. ವಾರಕ್ಕೊಮ್ಮೆ ಉತ್ತರದ ಗೋಡೆ ತೆರೆದು, ಹಾಸಿಗೆ ತೆಗೆದು, ಮೊಬೈಲ್ ಟಾರ್ಚ್ ಹಾಕಿ ಮೂಲೆ ನೋಡಿ. ಎಮ್ಮೆ ದನಕ್ಕೆ ತಂದ ಉಣ್ಣೆ ಔಷಧಿಯನ್ನು ಅಂದಾಜಿನ ಮೇಲೆ ನಾಯಿಗೆ ಹೊಡೆಯಬೇಡಿ. ಅಳತೆ ತಪ್ಪಿದರೆ ಉಣ್ಣೆಗಿಂತ ಮೊದಲು ನಾಯಿ ಹೋಗುತ್ತದೆ. ನಾಯಿಗೆ ಯಾವುದು, ಗೂಡಿಗೆ ಯಾವುದು, ಎಷ್ಟು ನೀರಿಗೆ ಎಷ್ಟು ಅನ್ನೋದನ್ನ ಪಶು ವೈದ್ಯರ ಹತ್ತಿರ ಬರೆಸಿಕೊಳ್ಳಿ.

ನಾಯಿ ಊಟ ಬಿಟ್ಟು ಮಂಕಾಗಿ, ಮೈ ಬಿಸಿಯಾಗಿ, ಒಸಡು ಬೆಳ್ಳಗಾಗಿದ್ದರೆ, ಮೂಗಿನಿಂದ ರಕ್ತ ಅಥವಾ ಮೂತ್ರ ಕಾಫಿ ಬಣ್ಣಕ್ಕೆ ಬಂದರೆ, ಉಣ್ಣೆ ಜ್ವರ ಇರಬಹುದು. ನಾಳೆ ನೋಡೋಣ ಅನ್ನಬೇಡಿ. ರಕ್ತ ಪರೀಕ್ಷೆ ಮಾಡಿಸಿ ಬೇಗ ಔಷಧಿ ಶುರು ಮಾಡಿದರೆ ಉಳಿಯುತ್ತದೆ, ತಡ ಮಾಡಿದ ಮನೆಗಳಲ್ಲಿ ಖಾಲಿ ಚೈನು ನೋಡಿದ್ದೇನೆ. ಜೊತೆಗೆ ಒಂದು ಮಾತು: ಮುಧೋಳದಂಥ ತೆಳು ಮೈಯ ನಾಯಿಗಳಿಗೆ ಕೆಲವು ಅರಿವಳಿಕೆ ಔಷಧಿ ಹೆಚ್ಚು ಹೊತ್ತು ಇಳಿಯಲ್ಲ. ಆಪರೇಷನ್ ಇದ್ದರೆ ತಳಿ ಯಾವುದು ಅಂತ ಮೊದಲೇ ಹೇಳಿ.

ಬೇಲಿ, ಹಾಸಿಗೆ

ಗೂಡಿನ ಸುತ್ತ 20 × 10 ಅಡಿ ಆದರೂ ಆವರಣ ಬೇಕು. ಚೈನ್‌ಲಿಂಕ್ ಜಾಲರಿ ಆರು ಅಡಿಗಿಂತ ಕಡಿಮೆ ಬೇಡ, ಇವು ನಿಂತಲ್ಲಿಂದಲೇ ಹಾರುತ್ತವೆ. ಗೂಡನ್ನು ಬೇಲಿಗೆ ತಾಗಿಸಬೇಡಿ, ಚಾವಣಿ ಹತ್ತಿ ಆಚೆ ಜಿಗಿಯುತ್ತದೆ. ಹೊನ್ನಾಳಿ, ಚನ್ನಗಿರಿಯ ಗುಡ್ಡದ ಬದಿಯವರಿಗೆ ಇನ್ನೊಂದು ವಿಷಯ: ಚಿರತೆಗೆ ನಾಯಿ ಅಂದರೆ ಪ್ರಾಣ. ಅಲ್ಲಿ ಆವರಣದ ಮೇಲೂ ಜಾಲರಿ ಹಾಕಿ, ರಾತ್ರಿ ಕೋಣೆಯ ಬಾಗಿಲಿಗೆ ಸರಳಿನ ಗೇಟು ಹಾಕಿ. ಬಯಲಲ್ಲಿ ಚೈನಿನಲ್ಲಿ ಇರುವ ನಾಯಿ ಓಡೋಕೂ ಆಗಲ್ಲ.

ಹಾಸಿಗೆಗೆ ಗೋಣಿಚೀಲದೊಳಗೆ ಒಣಗಿದ ರಾಗಿ ಹುಲ್ಲು ತುಂಬಿ ಹೊಲಿಯಿರಿ, ನಾಲ್ಕು ಇಂಚು ದಪ್ಪ ಇರಲಿ. ಎರಡು ಮಾಡಿ ಇಟ್ಟುಕೊಂಡರೆ ಒಂದು ಬಿಸಿಲಿಗೆ, ಒಂದು ಗೂಡಿಗೆ. ಉಣ್ಣೆ ಕಂಡ ಹುಲ್ಲನ್ನು ಗೊಬ್ಬರದ ಗುಂಡಿಗೆ ಹಾಕದೆ ಸುಟ್ಟುಬಿಡಿ. ಗಬ್ಬದ ನಾಯಿ, ಮರಿ, ವಯಸ್ಸಾದ ನಾಯಿಗೆ ಎರಡು ಅಡಿ ಜಿಗಿಸಬೇಡಿ. ಐದು ಅಡಿ ಉದ್ದದ ಹಲಗೆಗೆ ಅಡ್ಡ ಪಟ್ಟಿ ಹೊಡೆದು ಜಗುಲಿಗೆ ಒರಗಿಸಿ.

ತಳಿ ಶುದ್ಧವೋ ಅಲ್ಲವೋ, ಮರಿ ಎಲ್ಲಿ ತರೋದು ಅಂತ ಕೇಳುವವರು ಮುಧೋಳ ತಾಲೂಕಿನ ತಿಮ್ಮಾಪುರದಲ್ಲಿ ಬೀದರ್ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರದಲ್ಲಿ ವಿಚಾರಿಸಿ. ಫೋನಿನಲ್ಲಿ ವಿಡಿಯೋ ನೋಡಿ ದುಡ್ಡು ಹಾಕಬೇಡಿ.

ಬಣ್ಣ ಹೊಡೆದ ಮೇಲೆ ವಾಸನೆ ಪೂರ್ತಿ ಹೋಗೋವರೆಗೆ, ಒಂದು ವಾರವಾದರೂ, ಗೂಡು ಖಾಲಿ ಇರಲಿ. ಮೊದಲ ದಿನ ನಾಯಿಯನ್ನು ಒಳಗೆ ತಳ್ಳಿ ಬಾಗಿಲು ಹಾಕಬೇಡಿ, ಹೆದರಿದರೆ ಮತ್ತೆ ಆ ಕಡೆ ತಲೆ ಹಾಕಲ್ಲ. ಅದು ಮಲಗುತ್ತಿದ್ದ ಹಳೇ ಚೀಲವನ್ನೇ ತೊಳೆಯದೆ ಒಳಗೆ ಹಾಸಿ, ಊಟ ಜಗುಲಿ ಮೇಲೆ ಇಡಿ. ಮೂರು ನಾಲ್ಕು ದಿನದಲ್ಲಿ ತಾನೇ ಹತ್ತಿ ಮಲಗುತ್ತದೆ. ಆಮೇಲೆ ಊಟದ ತಟ್ಟೆಯನ್ನು ಕೆಳಗೆ, ಗೂಡಿನಿಂದ ದೂರ ಇಡೋಕೆ ಶುರು ಮಾಡಿ, ಇಲ್ಲದಿದ್ದರೆ ಇರುವೆ ಸಾಲು ಕಾಲು ಹಿಡಿದು ಮೇಲೆ ಬರುತ್ತದೆ.