ಟಾಹೊ ಸರೋವರದ ತೀರದಲ್ಲಿ

ಅಮೆರಿಕ ಸಂಯುಕ್ತ ಸಂಸ್ಥಾನಗಳ ಪಶ್ಚಿಮ ಭಾಗದಲ್ಲಿ, ಕ್ಯಾಲಿಫೋರ್ನಿಯ ಮತ್ತು ನೆವಾಡ ರಾಜ್ಯಗಳ ಗಡಿಯ ಮೇಲೆ, ಹಿಮಶಿಖರಗಳ ನಡುವೆ ಟಾಹೊ ಎಂಬ ಸರೋವರವಿದೆ. ಸಮುದ್ರಮಟ್ಟದಿಂದ ಸುಮಾರು 1,897 ಮೀಟರು ಎತ್ತರದಲ್ಲಿರುವ ಈ ಜಲರಾಶಿಯ ಉದ್ದ 35 ಕಿಲೋಮೀಟರು, ಅಗಲ 19 ಕಿಲೋಮೀಟರು. ಅದರ ಅತಿ ಹೆಚ್ಚಿನ ಆಳ 501 ಮೀಟರು. ಜೋಗದ ಜಲಪಾತದಂಥ ಎರಡು ಜಲಪಾತಗಳನ್ನು ಒಂದರ ಮೇಲೊಂದು ನಿಲ್ಲಿಸಿ ಆ ಆಳದಲ್ಲಿ ಇಳಿಸಿದರೆ, ನೀರಿನ ಮೇಲೆ ನಾಲ್ಕೈದು ಮೀಟರು ಮಾತ್ರ ಕಾಣಿಸೀತು.

ಲಕ್ಷಾಂತರ ವರ್ಷಗಳ ಹಿಂದೆ ಭೂಮಿಯ ಹೊರಪದರ ಇಲ್ಲಿ ಬಿರುಕುಬಿಟ್ಟಿತು. ಪಶ್ಚಿಮದಲ್ಲಿ ಸಿಯೆರಾ ನೆವಾಡ, ಪೂರ್ವದಲ್ಲಿ ಕಾರ್ಸನ್ ಶ್ರೇಣಿ ಮೇಲೆದ್ದವು. ಅವುಗಳ ನಡುವಣ ನೆಲ ಕುಸಿಯಿತು. ಉತ್ತರದಲ್ಲಿ ಹರಿದ ಜ್ವಾಲಾಮುಖಿಯ ಲಾವಾರಸ ಆ ಕಣಿವೆಗೆ ಕಟ್ಟೆ ಕಟ್ಟಿತು. ಹಿಮ ಕರಗಿದ ನೀರು ಅದನ್ನು ತುಂಬಿತು. ಇಂದು 63 ಹೊಳೆತೊರೆಗಳು ಸರೋವರವನ್ನು ಸೇರುತ್ತವೆ. ಹೊರಗೆ ಹರಿಯುವುದು ಟ್ರಕೀ ನದಿಯೊಂದೇ. ಆ ನದಿಯೂ ಸಮುದ್ರವನ್ನು ಕಾಣುವುದಿಲ್ಲ. ನೆವಾಡದ ಮರುಭೂಮಿಯಲ್ಲಿರುವ ಪಿರಮಿಡ್ ಸರೋವರದಲ್ಲಿ ಅದರ ಪಯಣ ಮುಗಿಯುತ್ತದೆ. ಬರುವ ಬಾಗಿಲು ಹಲವು, ಹೋಗುವ ಬಾಗಿಲು ಒಂದು. ಆದ್ದರಿಂದ ಒಳಸೇರಿದ ನೀರು ಹೊರಬೀಳಲು ಶತಮಾನಗಳೇ ಬೇಕು. ಈ ಸಂಗತಿಯನ್ನು ಮರೆಯಬಾರದು. ಮುಂದಿನ ಕಥೆಯೆಲ್ಲ ಅದನ್ನೇ ಅವಲಂಬಿಸಿದೆ.

ಪ್ರವಾಸಿಗರು ಹೆಚ್ಚಾಗಿ ಬರುವ ತಾಣಗಳಲ್ಲಿ ಪೂರ್ವದಂಡೆಯ ಸ್ಯಾಂಡ್ ಹಾರ್ಬರ್ ಒಂದು. ಬೇಸಗೆಯ ದಿನಗಳಲ್ಲಿ ಬೆಳಗಿನಲ್ಲಿಯೇ ವಾಹನಗಳ ತಂಗುದಾಣ ತುಂಬಿಹೋಗುತ್ತದೆ. ದೇವದಾರುವನ್ನು ಹೋಲುವ ಪೈನ್ ಮರಗಳ ನೆರಳನ್ನು ದಾಟಿ ಮುಂದೆ ಬಂದವರಿಗೆ ಅರ್ಧಚಂದ್ರಾಕಾರದ ಮರಳಿನ ದಂಡೆ ಎದುರಾಗುತ್ತದೆ. ಅಲೆಗಳಿವೆ, ಮರಳಿದೆ, ಮಕ್ಕಳ ಕೇಕೆಯಿದೆ. ಆದರೆ ಉಪ್ಪಿನ ವಾಸನೆಯಿಲ್ಲ, ಉಬ್ಬರವಿಳಿತದ ಗದ್ದಲವಿಲ್ಲ. ದಡದಲ್ಲಿಯೂ ನೀರಿನೊಳಗೂ ಬೃಹದಾಕಾರದ ದುಂಡುಬಂಡೆಗಳು ಬಿದ್ದಿವೆ. ಹಂಪೆಯ ಬಂಡೆಗಳನ್ನು ಕಂಡವರಿಗೆ ಇವು ಅಪರಿಚಿತವೆನಿಸವು. ಎರಡೂ ಕಡೆ ಕಲ್ಲು ಗ್ರಾನೈಟೇ, ಅದನ್ನು ದುಂಡಗೆ ಸವೆಸಿದ್ದು ಗಾಳಿ, ನೀರು, ಕಾಲಗಳೇ. ಹಾಗೆ ಸವೆದು ಉದುರಿದ ಕಣಗಳೇ ಕಾಲಡಿಯ ಮರಳು. ಅಂಗೈಯಲ್ಲಿ ಹಿಡಿದು ನೋಡಿದರೆ ಅದರಲ್ಲಿ ಅಭ್ರಕದ ಚೂರುಗಳು ಮಿನುಗುತ್ತವೆ.

ಬಿಸಿಲಿಗೆ ಕಾದ ಮರಳಿನಿಂದ ಓಡಿ ನೀರಿಗೆ ಧುಮುಕಿದವರು ಅಷ್ಟೇ ವೇಗವಾಗಿ ಹೊರಗೆ ಓಡಿಬರುವುದು ಅಲ್ಲಿನ ನಿತ್ಯದ ವಿನೋದ. ಹಿಮದ ನೀರಿನ ಶೈತ್ಯ ಅಂಥದು. ದಡದಿಂದ ದೂರದಲ್ಲಿ ಅದು ವಿನೋದವಾಗಿ ಉಳಿಯುವುದಿಲ್ಲ. ನುರಿತ ಈಜುಗಾರರಿಗೂ ಆ ತಣ್ಪಿನಲ್ಲಿ ಉಸಿರು ಕಟ್ಟುವುದುಂಟು. ಆದರೂ ಸರೋವರ ಚಳಿಗಾಲದಲ್ಲಿ ಪೂರ್ತಿಯಾಗಿ ಹೆಪ್ಪುಗಟ್ಟುವುದಿಲ್ಲ. ಮೇಲಿನ ನೀರು ತಣಿದು ಭಾರವಾಗಿ ಕೆಳಗಿಳಿಯುತ್ತದೆ, ಕೆಳಗಿನ ಬೆಚ್ಚನೆಯ ನೀರು ಮೇಲೇರುತ್ತದೆ. ಅಷ್ಟು ಆಳದ ನೀರೆಲ್ಲ ತಣಿಯುವ ಮೊದಲೇ ವಸಂತ ಬಂದಿರುತ್ತದೆ.

ದಡದಲ್ಲಿ ನೀರಿಗೆ ಬಣ್ಣವೇ ಇಲ್ಲ. ಸ್ವಲ್ಪ ಆಚೆಗೆ ಪಚ್ಚೆ, ಅದರಾಚೆ ಗಾಢವಾದ ನೀಲಿ. ಈ ನೀಲಿ ಕೇವಲ ಆಕಾಶದ ಪ್ರತಿಬಿಂಬವೆಂದು ಹಿಂದೆ ದೊಡ್ಡ ವಿಜ್ಞಾನಿಗಳೂ ಹೇಳಿದ್ದರು. 1921ರಲ್ಲಿ ಇಂಗ್ಲೆಂಡಿನಿಂದ ಹಡಗಿನಲ್ಲಿ ಮರಳುತ್ತಿದ್ದ ಸಿ. ವಿ. ರಾಮನ್ ಮೆಡಿಟರೇನಿಯನ್ ಸಮುದ್ರವನ್ನು ನೋಡುತ್ತ ಆ ಮಾತನ್ನು ಸಂದೇಹಿಸಿದರು. ಪ್ರತಿಫಲಿತ ಬೆಳಕನ್ನು ತಡೆಯುವ ಪಟ್ಟಕದ ಮೂಲಕ ನೋಡಿದಾಗಲೂ ನೀಲಿ ಅಳಿಯಲಿಲ್ಲ. ನೀರು ಬಿಳಿಯ ಬೆಳಕಿನೊಳಗಣ ಕೆಂಪನ್ನು ಹೀರಿಕೊಳ್ಳುತ್ತದೆ. ನೀರಿನ ಅಣುಗಳು ನೀಲಿಯನ್ನು ಹೆಚ್ಚಾಗಿ ಚದರಿಸುತ್ತವೆ. ನೀರು ಎಷ್ಟು ಶುದ್ಧವೋ ನೀಲಿ ಅಷ್ಟು ಗಾಢ.

ಟಾಹೊ ಎಷ್ಟು ಶುದ್ಧ? 1873ರಲ್ಲಿ ಜಾನ್ ಲೆಕಾಂಟ್ ಎಂಬ ಭೌತಶಾಸ್ತ್ರದ ಪ್ರಾಧ್ಯಾಪಕರು ಇದನ್ನು ಅಳೆಯಲು ಹೊರಟರು. ಅವರು ಬಳಸಿದ ಸಾಧನ ಊಟದ ಬಿಳಿಯ ತಟ್ಟೆ! ದೋಣಿಯಿಂದ ಅದನ್ನು ಹಗ್ಗದಲ್ಲಿ ಇಳಿಬಿಡುತ್ತ ಹೋದರು. ಸುಮಾರು 33 ಮೀಟರು ಆಳದವರೆಗೂ ತಟ್ಟೆ ಕಣ್ಣಿಗೆ ಕಾಣಿಸುತ್ತಿತ್ತು.

ಆ ವೇಳೆಗಾಗಲೇ ದಡದ ಕಾಡುಗಳ ಮೇಲೆ ಕೊಡಲಿ ಬಿದ್ದಿತ್ತು. ವಾಶೋ ಎಂಬ ಮೂಲನಿವಾಸಿಗಳು ಸಹಸ್ರಾರು ವರ್ಷಗಳಿಂದ ಬೇಸಗೆಯಲ್ಲಿ ಇಲ್ಲಿಗೆ ಬಂದು ಮೀನು ಹಿಡಿದು, ಬೇರು ಬೀಜಗಳನ್ನು ಸಂಗ್ರಹಿಸಿ ಹೋಗುತ್ತಿದ್ದರು. ‘ಟಾಹೊ’ ಎಂಬ ಹೆಸರು ಬಂದದ್ದೂ ಸರೋವರವೆಂಬ ಅರ್ಥದ ಅವರ ಮಾತಿನಿಂದಲೇ. 1859ರಲ್ಲಿ ಸಮೀಪದ ನೆವಾಡದಲ್ಲಿ ಬೆಳ್ಳಿಯ ನಿಕ್ಷೇಪ ಪತ್ತೆಯಾಯಿತು. ಗಣಿಗಳ ಸುರಂಗಗಳಿಗೆ ಆಸರೆಯ ತೊಲೆಗಳು ಬೇಕಾದವು. ಕೆಲವೇ ದಶಕಗಳಲ್ಲಿ ಬೆಟ್ಟಗಳು ಬೋಳಾದವು. 1861ರಲ್ಲಿ ಬಂದ ಮಾರ್ಕ್ ಟ್ವೇನ್, ತಿಳಿನೀರಿನ ಮೇಲಣ ತನ್ನ ದೋಣಿ ಗಾಳಿಯಲ್ಲಿ ತೇಲುವಂತಿದೆಯೆಂದು ಬೆರಗುಗೊಂಡ. ಆದರೆ ಅವನು ಅಡುಗೆಗೆ ಹೊತ್ತಿಸಿದ ಬೆಂಕಿ ಹಬ್ಬಿ ಕಾಡೇ ಉರಿಯಿತು. ಆ ಪ್ರಸಂಗವನ್ನು ಅವನೇ ತನ್ನ ಪುಸ್ತಕದಲ್ಲಿ ಹೇಳಿಕೊಂಡಿದ್ದಾನೆ. ಸೌಂದರ್ಯವನ್ನು ಮೆಚ್ಚುವ ಕಣ್ಣಿಗೂ ಕೈಯ ಎಚ್ಚರಕ್ಕೂ ಸಂಬಂಧವಿರಲೇಬೇಕೆಂದಿಲ್ಲ.

ಕಾಡು ಮತ್ತೆ ಬೆಳೆಯಿತು. ನೀರಿಗೆ ದೊಡ್ಡ ಆಪತ್ತು ಬಂದದ್ದು ಬಳಿಕ. 1960ರ ಚಳಿಗಾಲದ ಒಲಿಂಪಿಕ್ ಕ್ರೀಡೆಗಳು ಹತ್ತಿರದ ಕಣಿವೆಯೊಂದರಲ್ಲಿ ನಡೆದವು. ರಸ್ತೆ, ಹೋಟೆಲು, ಮನೆಗಳು ಬೆಳೆದವು. ಹೊಳೆಯ ಹೂಳನ್ನು ಸೋಸುತ್ತಿದ್ದ ದಕ್ಷಿಣದಂಡೆಯ ವಿಶಾಲವಾದ ಜೌಗು ನೆಲದ ಮೇಲೆಯೇ ಬಡಾವಣೆಯೊಂದು ಎದ್ದಿತು. ರಸ್ತೆಗಳಿಂದ ಹರಿದುಬಂದ ಸೂಕ್ಷ್ಮವಾದ ಧೂಳಿನ ಕಣಗಳು ನೀರಿನಲ್ಲಿ ತೇಲತೊಡಗಿದವು. ಪೋಷಕಾಂಶ ಸಿಕ್ಕಿದ ಪಾಚಿ ಹೆಚ್ಚಿತು. 1968ರಲ್ಲಿ ಚಾರ್ಲ್ಸ್ ಗೋಲ್ಡ್‌ಮನ್ ಮತ್ತು ಸಂಗಡಿಗರು, ಊಟದ ತಟ್ಟೆಯನ್ನೇ ಹೋಲುವ ಬಿಳಿಯ ಬಿಲ್ಲೆಯಿಂದ ಕ್ರಮವಾಗಿ ಅಳೆಯತೊಡಗಿದಾಗ ಆ ವರ್ಷದ ಸರಾಸರಿ 31 ಮೀಟರಿಗೆ ಮೇಲಿತ್ತು. 2017ರಲ್ಲಿ ಅದು 18 ಮೀಟರಿನ ಆಸುಪಾಸಿಗೆ ಇಳಿಯಿತು. ದೀರ್ಘ ಬರಗಾಲದ ಬೆನ್ನಿಗೆ ಬಿದ್ದ ಭಾರಿ ಮಳೆ-ಹಿಮಗಳು ಆ ವರ್ಷ ಅಪಾರ ಮಣ್ಣನ್ನು ತಂದು ಸುರಿದಿದ್ದವು.

ಎರಡು ರಾಜ್ಯಗಳೂ ಸುಮ್ಮನೆ ಕೂರಲಿಲ್ಲ. ಕೊಳಚೆನೀರನ್ನು ಶುದ್ಧಗೊಳಿಸಿದ ಮೇಲೂ ಸರೋವರಕ್ಕೆ ಬಿಡದೆ, ಕೊಳವೆಗಳಲ್ಲಿ ಕಣಿವೆಯ ಹೊರಗೆ ಸಾಗಿಸುವ ಏರ್ಪಾಡಾಯಿತು. ಕಟ್ಟಡಗಳಿಗೆ ಕಟ್ಟುನಿಟ್ಟಿನ ಮಿತಿ ಬಂತು. ಜೌಗು ಪ್ರದೇಶಗಳನ್ನು ಹಿಂದಿನ ಸ್ಥಿತಿಗೆ ತರುವ ಕೆಲಸ ನಡೆಯಿತು. 2018ರಲ್ಲಿ ಬಿಲ್ಲೆ 21 ಮೀಟರಿನಾಚೆಗೂ ಕಾಣಿಸಿತು. ಈಗಲೂ ವಿಜ್ಞಾನಿಗಳ ದೋಣಿ ವರ್ಷದಲ್ಲಿ ಹಲವು ಬಾರಿ ಸರೋವರದ ನಡುವಿಗೆ ಹೋಗುತ್ತದೆ. ಒಬ್ಬರು ಹಗ್ಗ ಬಿಡುತ್ತಾರೆ. ಬಿಲ್ಲೆ ಮಸುಕಾಗುತ್ತ, ನೀಲಿಯಲ್ಲಿ ಕರಗಿ ಕಣ್ಮರೆಯಾದೊಡನೆ ಅಳತೆಯನ್ನು ಬರೆದುಕೊಳ್ಳುತ್ತಾರೆ.