ಟ್ರ್ಯಾಕ್ಟರ್ ಇಂಜಿನ್ನಿನ ಒಳಗೆ ನೀರು ಸೋರುವುದನ್ನು ಪತ್ತೆ ಹಚ್ಚುವ ಬಗೆ



ನಿಮ್ಮ ಟ್ರ್ಯಾಕ್ಟರಿನ ರೇಡಿಯೇಟರಿನಲ್ಲಿ ನೀರು ದಿನೇ ದಿನೇ ಇಳಿಯುತ್ತಿದೆ, ಆದರೆ ನೆಲದ ಮೇಲೆ ಒಂದು ತೊಟ್ಟೂ ಕಾಣುವುದಿಲ್ಲ. ಹೀಗಾದಾಗ ನಮ್ಮಲ್ಲಿ ಬಹು ಮಂದಿ ಬಾಟಲಿಯಲ್ಲಿ ನೀರು ಇಟ್ಟುಕೊಂಡು ಸುರಿಯುತ್ತ ಕಾಲ ತಳ್ಳುತ್ತಾರೆ. ನೀರಿಗೇನು ಬೆಲೆ, ಹಾಕಿದರಾಯಿತು ಎಂಬ ಉದಾಸೀನ. ಆದರೆ ಆ ನೀರು ಎಲ್ಲಿಗೋ ಹೋಗುತ್ತಿದೆಯಲ್ಲ! ಎಲ್ಲಿಗೆ ಎಂಬುದನ್ನು ತಿಳಿಯದೆ ಸುರಿಯುತ್ತ ಹೋದರೆ ಒಂದು ದಿನ ಇಂಜಿನ್ನೇ ಕೈಕೊಡುತ್ತದೆ.

ಕಳೆದ ಬೇಸಿಗೆಯಲ್ಲಿ ಜಕ್ಕೂರಿನ ಯಜಮಾನರೊಬ್ಬರು ನನ್ನನ್ನು ಕರೆಸಿದರು. ಅವರ ಹೊಲದ ಬಹು ಭಾಗ ಈಗ ಬಡಾವಣೆಯಾಗಿದೆ. ಟರ್ಬೊ ಇರುವ ಟ್ರ್ಯಾಕ್ಟರೊಂದೇ ಆಧಾರ. ಮುಂಗಾರಿನಲ್ಲಿ ರಾಜಾನುಕುಂಟೆಯ ಕಡೆ ಬಾಡಿಗೆಗೆ ಉಳುತ್ತದೆ, ಬೇಸಿಗೆಯಲ್ಲಿ ನೀರಿನ ಟ್ಯಾಂಕರ್ ಎಳೆಯುತ್ತದೆ. ಸಾಲದ ಕಂತು ಇನ್ನೂ ತೀರಿಲ್ಲ. “ಸ್ವಾಮಿ, ದಿನಾ ಎರಡು ಬಾಟ್ಲಿ ನೀರು ಕುಡೀತದೆ. ರೇಡಿಯೇಟರ್ ಬದಲಾಯಿಸಿದ್ದಾಯ್ತು, ವಾಟರ್ ಪಂಪು ಬದಲಾಯಿಸಿದ್ದಾಯ್ತು. ಇನ್ನು ಇಂಜಿನ್ ಪೂರ್ತಿ ಬಿಚ್ಚಬೇಕು ಅಂತಾರೆ” ಎಂದರು. ಎರಡು ಸಾರಿ ಹಣ ಸುರಿದರೂ ರೋಗ ಹಾಗೆಯೇ ಇತ್ತು. ನಾನು ಓದಿದ್ದು ಕೃಷಿ ಡಿಪ್ಲೊಮಾ. ಅದರಲ್ಲಿ ಇಂಜಿನ್ನಿನ ಪಾಠ ಕೆಲವೇ ಪುಟ. ಉಳಿದುದನ್ನು ಮೆಕ್ಯಾನಿಕರ ಪಕ್ಕದಲ್ಲಿ ನಿಂತು ಕಲಿತಿದ್ದೇನೆ. ಆ ಟ್ರ್ಯಾಕ್ಟರನ್ನು ನಾವು ಪರೀಕ್ಷಿಸಿದ ಕ್ರಮವನ್ನೇ ಇಲ್ಲಿ ತಿಳಿಸುತ್ತೇನೆ.

ಮೊದಲು ಇಂಜಿನ್ನಿನ ಒಳಗೆ ನೀರು ಎಲ್ಲಿರುತ್ತದೆ ಎಂಬುದನ್ನು ತಿಳಿದುಕೊಳ್ಳಬೇಕು. ಪಿಸ್ಟನ್ ಆಡುವ ಕೊಳವೆಗೆ ಲೈನರ್ ಎಂದು ಹೆಸರು. ಅನೇಕ ಟ್ರ್ಯಾಕ್ಟರುಗಳಲ್ಲಿ ಈ ಲೈನರಿನ ಹೊರ ಮೈಯನ್ನು ನೀರು ನೇರವಾಗಿ ಸುತ್ತಿಕೊಂಡಿರುತ್ತದೆ. ಅದರ ಬುಡದಲ್ಲಿ ರಬ್ಬರ್ ಉಂಗುರಗಳು ನೀರನ್ನು ತಡೆಯುತ್ತವೆ. ಮೇಲೆ ಹೆಡ್ ಕೂತಿರುತ್ತದೆ, ನಡುವೆ ಗ್ಯಾಸ್ಕೆಟ್. ಒಂದು ಕಡೆ ಬೆಂಕಿ, ಒಂದು ಕಡೆ ನೀರು, ಕೆಳಗೆ ಆಯಿಲ್. ಈ ಮೂರನ್ನೂ ಬೇರೆ ಬೇರೆ ಇಟ್ಟಿರುವುದು ತೆಳು ಗೋಡೆಗಳು ಮಾತ್ರ. ಗೋಡೆ ಎಲ್ಲಿ ಒಡೆದಿದೆ ಎಂಬುದನ್ನು ಬಿಚ್ಚದೆಯೇ ಊಹಿಸುವುದು ನಮ್ಮ ಕೆಲಸ.

ಟರ್ಬೊ ಎಂದರೆ ಹೊಗೆಯ ರಭಸದಿಂದ ತಿರುಗಿ ಸಿಲಿಂಡರಿಗೆ ಹೆಚ್ಚು ಗಾಳಿಯನ್ನು ಒತ್ತಿ ತುಂಬುವ ಚಕ್ರ. ಕೆಲವು ಕಾರುಗಳಲ್ಲಿ ಇದೇ ಕೆಲಸವನ್ನು ಬೆಲ್ಟಿನಿಂದ ತಿರುಗುವ ಸೂಪರ್‌ಚಾರ್ಜರ್ ಮಾಡುತ್ತದೆ. ಗಾಳಿ ಹೆಚ್ಚಿದಷ್ಟೂ ಶಕ್ತಿ ಹೆಚ್ಚು. ಹಾಗೆಯೇ ಗ್ಯಾಸ್ಕೆಟ್ಟಿನ ಮೇಲೂ ಲೈನರಿನ ಮೇಲೂ ಒತ್ತಡ ಹೆಚ್ಚು. ಒತ್ತಿದ ಗಾಳಿಯನ್ನು ನೀರಿನಿಂದ ತಂಪು ಮಾಡುವ ಕಾರುಗಳಲ್ಲಿ ಆ ತಂಪು ಪೆಟ್ಟಿಗೆ ತೂತಾದರೂ ನೀರು ಗಾಳಿಯ ದಾರಿಯಲ್ಲಿ ಒಳಗೆ ನುಗ್ಗುತ್ತದೆ. ಟ್ರ್ಯಾಕ್ಟರುಗಳಲ್ಲಿ ಸಾಮಾನ್ಯವಾಗಿ ಗಾಳಿಯನ್ನು ಗಾಳಿಯಿಂದಲೇ ತಣಿಸುವುದರಿಂದ ಆ ಒಂದು ಅನುಮಾನವನ್ನು ಬಿಡಬಹುದು. ಜಕ್ಕೂರು ವಿಮಾನ ನೆಲೆಯಿಂದ ನಿಮ್ಮ ತಲೆಯ ಮೇಲೆ ಹಾರುವ ಚಿಕ್ಕ ಸೆಸ್ನಾ ವಿಮಾನದ ಇಂಜಿನ್ನಿಗೆ ಈ ಕಾಯಿಲೆಯೇ ಇಲ್ಲ, ಏಕೆಂದರೆ ಅದಕ್ಕೆ ನೀರೇ ಇಲ್ಲ, ಗಾಳಿಯೇ ತಂಪು. ಎರಡನೆಯ ಮಹಾಯುದ್ಧದ ಸ್ಪಿಟ್‌ಫೈರ್ ವಿಮಾನಕ್ಕಾದರೋ ಸೂಪರ್‌ಚಾರ್ಜರ್ ಕೂಡಿದ, ಗ್ಲೈಕಾಲ್ ದ್ರವದಿಂದ ತಣಿಯುವ ಮರ್ಲಿನ್ ಇಂಜಿನ್ ಇತ್ತು. ಹಿಂದೆ ಬಿಳಿ ಹೊಗೆಯ ಗೆರೆ ಕಂಡಿತೆಂದರೆ ಗ್ಲೈಕಾಲ್ ಸೋರುತ್ತಿದೆ ಎಂದು ಹಾರಾಟಗಾರರಿಗೆ ದಿಗಿಲು. ನಿಮ್ಮ ಟ್ರ್ಯಾಕ್ಟರೂ ಅದೇ ಗುರುತನ್ನು ತೋರಿಸುತ್ತದೆ.

ಈಗ ಪರೀಕ್ಷೆಗೆ ಬರೋಣ. ಒಳ ಸೋರಿಕೆ ಎಂದು ತೀರ್ಮಾನಿಸುವ ಮುನ್ನ ಹೊರ ಸೋರಿಕೆ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಿ. ರಾತ್ರಿ ಇಂಜಿನ್ನಿನ ಕೆಳಗೆ ಒಣ ರಟ್ಟು ಹಾಸಿಡಿ. ವಾಟರ್ ಪಂಪಿನ ಕೆಳಗಿರುವ ಸಣ್ಣ ತೂತು, ಪೈಪುಗಳ ಕ್ಲಿಪ್ಪು, ರೇಡಿಯೇಟರಿನ ಮೂಲೆಗಳು ಇವುಗಳಲ್ಲಿ ಒಣಗಿದ ಬಿಳಿ ಅಥವಾ ಹಸಿರು ಕಲೆ ಇದೆಯೇ ನೋಡಿ. ಬಿಸಿ ಇಂಜಿನ್ನಿನ ಮೇಲೆ ಬಿದ್ದ ಹನಿ ನೆಲ ಮುಟ್ಟುವ ಮುನ್ನವೇ ಆರಿಹೋಗುತ್ತದೆ, ಕಲೆ ಮಾತ್ರ ಉಳಿಯುತ್ತದೆ. ಬಳಿಕ ರೇಡಿಯೇಟರ್ ಮುಚ್ಚಳದ ರಬ್ಬರನ್ನು ನೋಡಿ. ಬೆಂಗಳೂರು ಸಮುದ್ರ ಮಟ್ಟಕ್ಕಿಂತ 900 ಮೀಟರಿಗೂ ಎತ್ತರದಲ್ಲಿರುವುದರಿಂದ ಇಲ್ಲಿ ತೆರೆದ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಒಳ್ಳೆಯ ಮುಚ್ಚಳ ಒತ್ತಡ ಹಿಡಿದು ಕುದಿಯುವ ಮಟ್ಟವನ್ನು 110 ಡಿಗ್ರಿಗಿಂತ ಮೇಲಕ್ಕೆ ಏರಿಸುತ್ತದೆ. ಮುಚ್ಚಳ ಸಡಿಲವಾದರೆ ನೀರು ಉಕ್ಕಿ ಹೊರ ಹೋಗುತ್ತದೆ, ನಾವು ಇಂಜಿನ್ನನ್ನು ಬೈಯುತ್ತೇವೆ. ಇದೇ ಕಾರಣದಿಂದ ಬಿಸಿ ಇರುವಾಗ ಮುಚ್ಚಳವನ್ನು ಯಾವ ಕಾರಣಕ್ಕೂ ತೆರೆಯಬೇಡಿ. ಒತ್ತಡ ಕಳೆದ ಕೂಡಲೇ ನೀರು ಆವಿಯಾಗಿ ಮುಖಕ್ಕೆ ಎರಚುತ್ತದೆ.

ಹೊರಗೆ ಏನೂ ಸಿಗಲಿಲ್ಲವೆನ್ನಿ. ಆಗ ಒಂದು ವಾರ ಲೆಕ್ಕ ಇಡಿ. ಬೆಳಿಗ್ಗೆ ತಣ್ಣಗಿರುವಾಗ, ಟ್ರ್ಯಾಕ್ಟರು ಒಂದೇ ಜಾಗದಲ್ಲಿ ನಿಂತಿರುವಾಗ, ಎಷ್ಟು ನೀರು ಹಿಡಿಯಿತು, ಹಿಂದಿನ ದಿನ ಎಷ್ಟು ಗಂಟೆ ಓಡಿತು, ಭಾರ ಎಳೆಯಿತೋ ಇಲ್ಲವೋ ಎಂದು ಬರೆದಿಡಿ. ಜಕ್ಕೂರಿನ ಯಜಮಾನರ ಮಗನು ಮಗಳ ಶಾಲಾ ಪುಸ್ತಕದ ಹಿಂದೆ ಬರೆದಿಟ್ಟ ಲೆಕ್ಕದಿಂದ ಒಂದು ಸಂಗತಿ ಗೊತ್ತಾಯಿತು: ಟ್ಯಾಂಕರ್ ಎಳೆದ ದಿನ ಎರಡು ಬಾಟಲಿ, ಖಾಲಿ ಓಡಾಡಿದ ದಿನ ಕಾಲು ಬಾಟಲಿಯೂ ಇಲ್ಲ. ಅಂದರೆ ಭಾರ ಬಿದ್ದು ಟರ್ಬೊ ಪೂರ್ತಿ ಕೆಲಸ ಮಾಡುವಾಗಲೇ ತೂತು ಬಾಯಿ ತೆರೆಯುತ್ತಿತ್ತು. ವರ್ಕ್‌ಷಾಪಿನಲ್ಲಿ ಇಂಜಿನ್ನನ್ನು ನಿಂತಲ್ಲೇ ಓಡಿಸಿ ನೋಡಿ “ಏನೂ ಇಲ್ಲ” ಎಂದು ಕಳಿಸಿದ್ದರು. ನಿಂತಲ್ಲಿ ಟರ್ಬೊ ಹೆಚ್ಚು ಗಾಳಿ ಒತ್ತುವುದಿಲ್ಲ, ಹೇಗೆ ತಿಳಿದೀತು?

ಮುಂದಿನ ಗುರುತು ಆಯಿಲಿನಲ್ಲಿ. ಆಯಿಲ್ ನೋಡುವ ಕಡ್ಡಿಯನ್ನು ಎಳೆದು ನೋಡಿ. ಮಟ್ಟ ಏರಿ ಬಣ್ಣ ಹಾಲು ಹಾಕಿದ ಕಾಫಿಯಂತಾಗಿದ್ದರೆ ನೀರು ಬೆರೆತಿದೆ. ಮಟ್ಟ ಏರಿದ್ದರೂ ಆಯಿಲು ಕಪ್ಪಾಗಿ, ತೆಳ್ಳಗೆ, ಡೀಸೆಲ್ ವಾಸನೆ ಬಂದರೆ ಬೆರೆತಿರುವುದು ಡೀಸೆಲ್. ಅದು ಬೇರೆ ರೋಗ. ಚಳಿಗಾಲದಲ್ಲಿ ಆಯಿಲ್ ಮುಚ್ಚಳದ ಒಳಗೆ ಮಾತ್ರ ಸ್ವಲ್ಪ ಬಿಳಿ ನೊರೆ ಕಂಡರೆ ಹೆದರಬೇಡಿ, ಅದು ಇಬ್ಬನಿಯಂತೆ ಕಟ್ಟಿದ ತೇವ ಇರಬಹುದು. ಅನುಮಾನವಿದ್ದರೆ ಹಳೆಯ ಕಬ್ಬಿಣದ ತಗಡನ್ನು ಚೆನ್ನಾಗಿ ಕಾಯಿಸಿ, ಮುಖ ದೂರ ಇಟ್ಟುಕೊಂಡು ಒಂದು ಹನಿ ಆಯಿಲ್ ಬಿಡಿ. ನೀರಿದ್ದರೆ ಒಗ್ಗರಣೆಯ ಸಾಸಿವೆಯಂತೆ ಚಟಪಟ ಸಿಡಿಯುತ್ತದೆ. (ಅಡುಗೆ ಮನೆಯ ಕಾವಲಿ ಬೇಡ, ಮನೆಯಾಕೆಯ ಕೋಪಕ್ಕೆ ಗುರಿಯಾಗುತ್ತೀರಿ.) ಇನ್ನೂ ಒಳ್ಳೆಯ ಉಪಾಯವುಂಟು. ರಾತ್ರಿ ಪೂರ್ತಿ ನಿಂತ ಇಂಜಿನ್ನಿನ ಆಯಿಲ್ ಚೇಂಬರಿನ ಕೆಳಗಿನ ಬೋಲ್ಟನ್ನು ಬೆಳಿಗ್ಗೆ ಮೆಲ್ಲಗೆ ಸಡಿಲಿಸಿ. ನೀರು ಆಯಿಲಿಗಿಂತ ಭಾರ, ತಳದಲ್ಲಿ ನಿಂತಿರುತ್ತದೆ, ಮೊದಲು ಅದೇ ಬರುತ್ತದೆ. ನಮ್ಮ ಟ್ರ್ಯಾಕ್ಟರಿನ ಕಡ್ಡಿ ಸ್ವಚ್ಛವಾಗಿಯೇ ಇತ್ತು. ಆದರೆ ಬೋಲ್ಟು ಸಡಿಲಿಸಿದಾಗ ಮೂರು ಚಮಚದಷ್ಟು ನೀರು ಬಂತು. ಯಜಮಾನರ ಮುಖ ಇಳಿದುಹೋಯಿತು.

ಇದಕ್ಕೆ ವಿರುದ್ಧವಾಗಿ ರೇಡಿಯೇಟರಿನಲ್ಲಿ ಆಯಿಲ್ ತೇಲುವುದೂ ಉಂಟು. ಇಂಜಿನ್ ಓಡುವಾಗ ಆಯಿಲಿನ ಒತ್ತಡ ನೀರಿನ ಒತ್ತಡಕ್ಕಿಂತ ಹೆಚ್ಚು. ಆದ್ದರಿಂದ ಆಯಿಲ್ ಕೂಲರ್ ತೂತಾದರೆ ಆಯಿಲು ನೀರಿಗೆ ಸೇರುತ್ತದೆ. ಆಗ ಹೆಡ್ ಬಿಚ್ಚುವ ಮುನ್ನ ಕೂಲರನ್ನು ನೋಡುವುದು ಜಾಣತನ.

ಸೈಲೆನ್ಸರಿನ ಹೊಗೆಯನ್ನೂ ಓದಲು ಕಲಿಯಬೇಕು. ಚಳಿಯ ಬೆಳಗಿನಲ್ಲಿ ಬಿಳಿ ಹೊಗೆ ಬಂದು ಕೆಲವು ನಿಮಿಷದಲ್ಲಿ ನಿಂತರೆ ಸಹಜ. ಕಣ್ಣು ಉರಿಯುವ ಬಿಳಿ ಹೊಗೆ ಸುಡದ ಡೀಸೆಲಿನದು. ಇಂಜಿನ್ ಬಿಸಿಯಾದರೂ ನಿಲ್ಲದೆ, ಸಿಹಿ ವಾಸನೆಯ ಬಿಳಿ ಆವಿ ಬಂದರೆ ಕೂಲೆಂಟ್ ಸುಡುತ್ತಿದೆ ಎಂದರ್ಥ. ಬೆಳಿಗ್ಗೆ ಶುರು ಮಾಡಿದಾಗ ಒಂದು ಸಿಲಿಂಡರ್ ಸ್ವಲ್ಪ ಹೊತ್ತು ತಪ್ಪಿ ಹೊಡೆದು ಆಮೇಲೆ ಸರಿಹೋದರೆ, ರಾತ್ರಿ ಅದರೊಳಗೆ ನೀರು ಇಳಿದಿರುವ ಸಂಭವ ಹೆಚ್ಚು.

ಇನ್ನೊಂದು ಗುರುತನ್ನು ನಾನು ಬಹಳ ನಂಬುತ್ತೇನೆ. ಹಿಂದಿನ ದಿನ ಭಾರ ಎಳೆದ ಟ್ರ್ಯಾಕ್ಟರಿನ ರೇಡಿಯೇಟರಿನ ಮೇಲಿನ ಪೈಪನ್ನು ಮರುದಿನ ಬೆಳಿಗ್ಗೆ ಹಿಚುಕಿ ನೋಡಿ. ತಣ್ಣಗಾದ ಮೇಲೆ ಅದು ಮೆತ್ತಗಿರಬೇಕು. ಇನ್ನೂ ಗಟ್ಟಿಯಾಗಿದ್ದು, ಮುಚ್ಚಳ ತೆರೆದಾಗ ಬುಸ್ಸೆಂದು ಗಾಳಿ ಹೊರಟರೆ ಸಿಲಿಂಡರಿನ ಹೊಗೆ ನೀರಿಗೆ ನುಗ್ಗಿ ಕೂತಿದೆ. ಮೆಕ್ಯಾನಿಕರ ಬಳಿ ಒಂದು ನೀಲಿ ದ್ರವ ಸಿಗುತ್ತದೆ. ರೇಡಿಯೇಟರಿನ ಬಾಯಿಯ ಗಾಳಿಯನ್ನು ಅದರ ಮೂಲಕ ಎಳೆದಾಗ ಬಣ್ಣ ಬದಲಾದರೆ ಹೊಗೆ ಬೆರೆತಿರುವುದು ನಿಶ್ಚಯ.

ಎಲ್ಲಿ ಎಂದು ತಿಳಿಯಲು ಕೈ ಪಂಪಿನಿಂದ ರೇಡಿಯೇಟರಿಗೆ ಒತ್ತಡ ಕೊಡಬೇಕು. ಮುಚ್ಚಳದ ಮೇಲೆ ಬರೆದಿರುವುದಕ್ಕಿಂತ ಹೆಚ್ಚು ಒತ್ತಬಾರದು. ಹೊರಗೆ ಹನಿ ಇಲ್ಲದೆ ಮುಳ್ಳು ಇಳಿದರೆ ಸೋರಿಕೆ ಒಳಗೆ. ಒಂದೆರಡು ಗಂಟೆ ಬಿಟ್ಟು ಇಂಜೆಕ್ಟರುಗಳನ್ನು ತೆಗೆದು, ದೂರ ನಿಂತು ಸೆಲ್ಫ್ ಹೊಡೆಸಿದೆವು. ಮೂರನೆಯ ಸಿಲಿಂಡರಿನಿಂದ ನೀರು ಪಿಚಕಾರಿಯಂತೆ ಚಿಮ್ಮಿತು! ಹೆಡ್ ತೆಗೆದರು. ಗ್ಯಾಸ್ಕೆಟ್ ಚೆನ್ನಾಗಿತ್ತು. ಲೈನರ್ ಹೊರ ತೆಗೆದು ನೋಡಿದರೆ ಒಂದು ಪಕ್ಕ ಹುಳು ಕೊರೆದ ಅವರೆಕಾಳಿನಂತೆ ತೂತು ತೂತು.

ಇದಕ್ಕೆ ಕಾರಣ ತುಕ್ಕು ಮಾತ್ರವಲ್ಲ. ಪಿಸ್ಟನ್ ಪ್ರತಿ ಏಟಿಗೂ ಲೈನರನ್ನು ಬಡಿಯುತ್ತದೆ, ಲೈನರ್ ನಡುಗುತ್ತದೆ, ಅದರ ಹೊರ ಮೈಗೆ ಅಂಟಿದ ನೀರಿನಲ್ಲಿ ಸಣ್ಣ ಗುಳ್ಳೆಗಳು ಹುಟ್ಟಿ ಒಡೆಯುತ್ತವೆ. ಒಡೆದ ಪ್ರತಿ ಗುಳ್ಳೆಯೂ ಕಬ್ಬಿಣವನ್ನು ಚೂರು ಚೂರು ಕೀಳುತ್ತದೆ. ಡೀಸೆಲ್ ಇಂಜಿನ್ನಿಗೆಂದೇ ಮಾಡಿದ ಕೂಲೆಂಟಿನಲ್ಲಿರುವ ಔಷಧ ಲೈನರಿನ ಮೇಲೆ ತೆಳು ಪೊರೆ ಕಟ್ಟಿ ಇದನ್ನು ತಡೆಯುತ್ತದೆ. ಬರಿಯ ಕೊಳವೆ ಬಾವಿಯ ನೀರಿಗೆ ಆ ಗುಣವಿಲ್ಲ. ಮೇಲಾಗಿ ಅದರ ಗಡಸು ಸುಣ್ಣ ಕಟ್ಟಿ ಶಾಖವನ್ನು ತಡೆಯುತ್ತದೆ. ಯಜಮಾನರು ಎರಡು ವರ್ಷ ಟ್ಯಾಂಕರಿನ ನೀರನ್ನೇ ಸುರಿದಿದ್ದರು, ಕೈಯಲ್ಲೇ ಇತ್ತಲ್ಲ.

ಎರಡು ಎಚ್ಚರಿಕೆ. ಬೆಳಿಗ್ಗೆ ಸೆಲ್ಫ್ ಹೊಡೆದಾಗ ಇಂಜಿನ್ ದಡ್ಡೆಂದು ನಿಂತರೆ ಮತ್ತೆ ಹೊಡೆಯಬೇಡಿ, ತಳ್ಳಿಯೋ ಎಳೆಸಿಯೋ ಶುರು ಮಾಡಲೇಬೇಡಿ. ಸಿಲಿಂಡರಿನಲ್ಲಿ ನೀರು ನಿಂತಿರಬಹುದು. ನೀರು ಗಾಳಿಯಂತೆ ಅಮುಕುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ರೇಡಿಯೇಟರಿಗೆ ಅರಿಶಿನ ಪುಡಿ ಹಾಕುವ ರೂಢಿ ಹೊರಗಿನ ಸೂಜಿ ತೂತಿಗೆ ಮನೆ ಮುಟ್ಟುವ ತನಕ ಆದೀತು. ಒಳ ಸೋರಿಕೆಗೆ ಅದು ಮದ್ದಲ್ಲ, ರೇಡಿಯೇಟರ್ ಕಟ್ಟಿಕೊಳ್ಳುವುದೊಂದೇ ಲಾಭ.

ರಿಪೇರಿಯಾದ ಮೇಲೆ ಹಳೆಯ ಆಯಿಲನ್ನೂ ಫಿಲ್ಟರನ್ನೂ ಬದಲಾಯಿಸಿ, ಕೆಲವು ಗಂಟೆ ಓಡಿಸಿ, ಮತ್ತೊಮ್ಮೆ ಬದಲಾಯಿಸಬೇಕು. ಗ್ಲೈಕಾಲ್ ಬೆರೆತ ಆಯಿಲು ಬೇರಿಂಗುಗಳನ್ನು ತಿನ್ನುತ್ತದೆ. ಕೂಲೆಂಟನ್ನು ಶುದ್ಧೀಕರಿಸಿದ ಡಿಸ್ಟಿಲ್ಡ್ ನೀರಿನೊಡನೆ ಡಬ್ಬದ ಮೇಲೆ ಹೇಳಿದ ಪ್ರಮಾಣದಲ್ಲಿ ಬೆರೆಸಿ. ಇಳಿಸಿದ ಹಳೆಯ ಕೂಲೆಂಟನ್ನು ಬಕೆಟ್ಟಿನಲ್ಲಿ ತೆರೆದಿಡಬೇಡಿ, ಕೆರೆಗೆ ಹರಿಯುವ ಕಾಲುವೆಗೂ ಚೆಲ್ಲಬೇಡಿ. ಅದು ರುಚಿಗೆ ಸಿಹಿ, ಗುಣಕ್ಕೆ ವಿಷ. ಕರು ಅಥವಾ ನಾಯಿ ನೆಕ್ಕಿದರೆ ಮೂತ್ರಪಿಂಡ ಕೆಟ್ಟು ಸಾಯುತ್ತದೆ. ಮಕ್ಕಳಿಗೂ ಅದೇ ಅಪಾಯ. ಮುಚ್ಚಳವಿರುವ ಕ್ಯಾನಿಗೆ ತುಂಬಿ, ಮೇಲೆ ವಿಷವೆಂದು ಬರೆದು, ಹಳೆಯ ಆಯಿಲು ಕೊಳ್ಳುವ ವರ್ಕ್‌ಷಾಪಿಗೆ ಕೊಡುವಾಗ ಆಯಿಲಿನೊಡನೆ ಬೆರೆಸದೆ ಬೇರೆಯಾಗಿ ಒಪ್ಪಿಸಿ.