ಹಿರಿಯರ ಜೊತೆ ಮಾತಿಗೆ ಕೂರುವ ಮುನ್ನ

ಹಿರಿಯರು ತಾವಾಗಿಯೇ ಆಪ್ತಸಮಾಲೋಚಕರ ಬಳಿ ಬರುವುದು ಅಪರೂಪ. ಮಗನೋ ಸೊಸೆಯೋ ಕರೆತರುತ್ತಾರೆ, ಪಕ್ಕದಲ್ಲೇ ಕೂರುತ್ತಾರೆ, ಕೇಳಿದ್ದಕ್ಕೆಲ್ಲ ತಾವೇ ಉತ್ತರ ಕೊಡುತ್ತಾರೆ. ಈ ಕೆಲಸಕ್ಕೆ ಹೊಸಬರಾದವರು ಎಡವುವುದು ಇಲ್ಲೇ.

ಹಾಗಾಗಿ ಮೊದಲ ಕೆಲಸ, ಮನೆಯವರನ್ನು ಸ್ವಲ್ಪ ಹೊತ್ತು ಹೊರಗೆ ಕೂರಿಸುವುದು. ಅವರ ಮಾತನ್ನು ಆಮೇಲೆ ಬೇರೆಯಾಗಿ ಕೇಳಿ. "ನೀವು ಹೇಳಿದ್ದನ್ನು ನಿಮ್ಮನ್ನು ಕೇಳದೆ ಮಗನಿಗೆ ಹೇಳುವುದಿಲ್ಲ, ಜೀವಕ್ಕೆ ಅಪಾಯವಿದ್ದರೆ ಮಾತ್ರ ಹೇಳಬೇಕಾಗುತ್ತದೆ" ಎಂದು ಆರಂಭದಲ್ಲೇ ತಿಳಿಸಿ.

ನಿಮ್ಮ ಮುಖದ ಮೇಲೆ ಬೆಳಕು ಬೀಳುವಂತೆ ಎದುರಿಗೇ ಕುಳಿತುಕೊಳ್ಳಿ. ಕಿವಿ ಮಂದವೆಂದು ಕಿರುಚಿದರೆ ಮಾತು ಇನ್ನಷ್ಟು ಅಸ್ಪಷ್ಟವಾಗುತ್ತದೆ. ದನಿ ತಗ್ಗಿಸಿ, ನಿಧಾನವಾಗಿ, ಬಿಡಿಸಿ ಹೇಳಿ. ಎಲ್ಲರನ್ನೂ ಅಜ್ಜ, ಅಜ್ಜಿ ಎನ್ನಬೇಡಿ. ಹೇಗೆ ಕರೆಯಲಿ ಎಂದು ಕೇಳಿ. ನಿವೃತ್ತ ಶಿಕ್ಷಕರಿಗೆ "ಮೇಷ್ಟ್ರೇ" ಎಂದರೆ ಸಾಕು, ಅರ್ಧ ಬಿಗುಮಾನ ಇಳಿಯುತ್ತದೆ.

ಮುಂದಿನದು ದೇಹದ ವಿಚಾರ. ಇದನ್ನು ಬಿಟ್ಟರೆ ಉಳಿದ ಶ್ರಮವೆಲ್ಲ ದಂಡ. "ಮನಸ್ಸಿಗೆ ಬೇಜಾರು" ಎನ್ನುವ ಹಿರಿಯರು ಕಡಿಮೆ. ಊಟ ಸೇರುವುದಿಲ್ಲ, ಮೈಕೈ ನೋವು, ಬೆಳಗಿನ ಜಾವ ಮೂರಕ್ಕೇ ಎಚ್ಚರ ಎನ್ನುತ್ತಾರೆ. ಇದು ಖಿನ್ನತೆ ಇರಬಹುದು. ಥೈರಾಯ್ಡ್ ಸಮಸ್ಯೆ, ಬಿ12 ಕೊರತೆ ಅಥವಾ ಮಾತ್ರೆಗಳ ಅಡ್ಡಪರಿಣಾಮವೂ ಇರಬಹುದು. ನುಂಗುವ ಮಾತ್ರೆಗಳನ್ನೆಲ್ಲ, ಮೆಡಿಕಲ್ ಶಾಪ್‌ನಿಂದ ಚೀಟಿಯಿಲ್ಲದೆ ತಂದವನ್ನೂ ಸೇರಿಸಿ, ಒಂದು ಚೀಲದಲ್ಲಿ ತರಿಸಿ ವೈದ್ಯರಿಗೆ ತೋರಿಸಲು ಹೇಳಿ. ಮರೆವು ತಿಂಗಳು, ವರ್ಷಗಳಲ್ಲಿ ಮೆಲ್ಲಗೆ ಹೆಚ್ಚಿದ್ದರೆ ಮರೆಗುಳಿತನದ ತಪಾಸಣೆ ಆಗಬೇಕು. ಒಂದೆರಡು ದಿನಗಳಲ್ಲೇ ದಿಢೀರನೆ ಗೊಂದಲ ಶುರುವಾಗಿದ್ದರೆ ಸಮಾಲೋಚನೆ ನಿಲ್ಲಿಸಿ ಆಸ್ಪತ್ರೆಗೆ ಕಳುಹಿಸಿ. ಮೂತ್ರದ ಸೋಂಕು ಕೂಡ ಹಾಗೆ ಮಾಡಬಲ್ಲದು.

ಹಳೆಯ ಕಥೆಗಳನ್ನು ತಡೆಯಬೇಡಿ. ಬದುಕಿನ ಹಿನ್ನೋಟ ವೃದ್ಧಾಪ್ಯದ ಸಹಜ ಕೆಲಸ ಎಂದು ಅಮೆರಿಕದ ಮನೋವೈದ್ಯ ರಾಬರ್ಟ್ ಬಟ್ಲರ್ 1963ರಲ್ಲೇ ಬರೆದರು.

"ದೇವರು ಯಾವಾಗ ಕರ್ಕೋತಾನೋ" ಎಂಬ ಮಾತನ್ನು ಮಾತ್ರ ತೇಲಿಸಬೇಡಿ. ಸಾಯುವ ಯೋಚನೆ ಬರುತ್ತದೆಯೇ, ಅದಕ್ಕೆ ಏನಾದರೂ ತೆಗೆದಿಟ್ಟುಕೊಂಡಿದ್ದೀರಾ ಎಂದು ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ.

ಮಾತಿನ ನಡುವೆ ಮನೆಯ ಕಷ್ಟವೂ ಹೊರಬರಬಹುದು. ಆಸ್ತಿ ಬರೆದುಕೊಟ್ಟ ಮೇಲೆ ಊಟಕ್ಕೂ ಪರದಾಟವಾದರೆ ಹೆತ್ತವರ ಹಾಗೂ ಹಿರಿಯ ನಾಗರಿಕರ ಪೋಷಣೆಗಾಗಿ ಇರುವ 2007ರ ಕಾಯ್ದೆಯಡಿ ಉಪವಿಭಾಗಾಧಿಕಾರಿ ನೇತೃತ್ವದ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಕೊಟ್ಟ ದಾನಪತ್ರವನ್ನು ರದ್ದುಪಡಿಸಲೂ ಅವಕಾಶವಿದೆ. ಅರ್ಜಿ ಹಾಕುವ ನಿರ್ಧಾರ ಹಿರಿಯರದ್ದೇ ಆಗಿರಲಿ.

ಹಿರಿಯರ ರಾಷ್ಟ್ರೀಯ ಸಹಾಯವಾಣಿ 14567, ಮಾನಸಿಕ ಆರೋಗ್ಯಕ್ಕೆ ಟೆಲಿಮನಸ್ 14416. ಎರಡನ್ನೂ ದೊಡ್ಡ ಅಕ್ಷರದಲ್ಲಿ ಬರೆದು ಅವರ ಕೈಗೇ ಕೊಡಿ.